ಗೊರಕೆಯ ನಡುವೆ ನಿಲ್ಲುವ ಉಸಿರು: ಮಾನಸಿಕ ಕಾಯಿಲೆ ಇರುವವರ ಮನೆಯವರಿಗೊಂದು ಪಾಠ



ಮಾನಸಿಕ ಕಾಯಿಲೆ ಇರುವವರ ಮನೆಗಳಿಗೆ ನಾವು ಭೇಟಿ ಕೊಟ್ಟಾಗ ತಪ್ಪದೆ ಕೇಳಿಬರುವ ಒಂದು ಮಾತಿದೆ. “ಸಿಸ್ಟರ್, ಮಾತ್ರೆ ಶುರು ಮಾಡಿದ ಮೇಲೆ ಗಲಾಟೆ ಏನೂ ಇಲ್ಲ. ಆದ್ರೆ ಹಗಲೆಲ್ಲಾ ಮಲಗೇ ಇರ್ತಾರೆ. ಉಣ್ಣೋಕೆ ಕೂತ್ರೆ ತಟ್ಟೆ ಮುಂದೇನೇ ತೂಕಡಿಸ್ತಾರೆ. ಈ ಮಾತ್ರೆ ತಿಂದು ತಿಂದು ಮನುಷ್ಯ ಕೆಲಸಕ್ಕೇ ಬಾರದ ಹಾಗಾದ್ರು.”

ಹೀಗೆ ಹೇಳುವ ಮನೆಗಳಲ್ಲಿ ಮುಂದೆ ಏನಾಗುತ್ತದೆ ಎಂಬುದೂ ನಮಗೆ ಗೊತ್ತು. ಮೊದಲು ಬೆಳಗಿನ ಮಾತ್ರೆ ನಿಲ್ಲುತ್ತದೆ. ಆಮೇಲೆ ರಾತ್ರಿಯದು ಅರ್ಧ ಆಗುತ್ತದೆ. ಕೊನೆಗೆ ಒಂದು ದಿನ ವೈದ್ಯರ ಚೀಟಿ ಸಮೇತ ಎಲ್ಲವೂ ಅಟ್ಟ ಸೇರುತ್ತದೆ. ಎರಡು ಮೂರು ತಿಂಗಳು ಚೆನ್ನಾಗಿಯೇ ಇದ್ದಂತೆ ಕಾಣುತ್ತದೆ. ನಂತರ ಹಳೆಯ ಕಾಯಿಲೆ ಮರಳಿ ಬರುತ್ತದೆ. ಮತ್ತೆ ಸಾಲ ಮಾಡಿ ಆಸ್ಪತ್ರೆಗೆ ಓಡಬೇಕಾಗುತ್ತದೆ.

ಮಾತ್ರೆಯಿಂದ ಮಂಪರು ಬರುತ್ತದೆ ಎನ್ನುವುದು ಸುಳ್ಳಲ್ಲ. ಮಾನಸಿಕ ಕಾಯಿಲೆಯ ಹಲವು ಮಾತ್ರೆಗಳಿಗೆ ಆ ಗುಣ ಇದೆ. ಆದರೆ ಅದೇ ಮಾತ್ರೆ ವರ್ಷಗಟ್ಟಲೆ ತಗೊಂಡು ಸರಿಯಾಗಿದ್ದವರು ಈಗೀಗ ಹೆಚ್ಚು ತೂಕಡಿಸುತ್ತಿದ್ದರೆ, ಜೊತೆಗೆ ರಾತ್ರಿ ಜೋರು ಗೊರಕೆ ಇದ್ದರೆ, ಎಲ್ಲವನ್ನೂ ಮಾತ್ರೆಯ ತಲೆಗೆ ಕಟ್ಟುವ ಮೊದಲು ಇನ್ನೊಂದು ಕಾಯಿಲೆ ಇದೆಯೇ ಎಂದು ನೋಡಬೇಕು. ವೈದ್ಯರು ಅದನ್ನು ಸ್ಲೀಪ್ ಆಪ್ನಿಯ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತ ಗಾದೆ ಹೇಳಿ ನಾವು ನಗುತ್ತೇವೆ. ಹಾಗೆ ಸಂತೆಯಲ್ಲಿ ನಿದ್ದೆ ಹೋಗುವ ಎಷ್ಟೋ ಜನರಿಗೆ ರಾತ್ರಿ ಮನೆಯಲ್ಲಿ ನಿಜವಾದ ನಿದ್ದೆಯೇ ಆಗಿರುವುದಿಲ್ಲ.

ಮೆತ್ತನೆ ಪೈಪು, ಗಟ್ಟಿ ಪೈಪು

ತೋಟಕ್ಕೆ ನೀರು ಹಾಯಿಸುವ ಡೀಸೆಲ್ ಪಂಪನ್ನು ನೀವೆಲ್ಲ ನೋಡಿದ್ದೀರಿ. ಕೆರೆಯಿಂದ ನೀರು ಎಳೆಯುವ ಕಡೆ ಗಟ್ಟಿ ಪೈಪು ಹಾಕುತ್ತಾರೆ. ನೀರು ಹೊರಗೆ ತಳ್ಳುವ ಕಡೆ ಬಟ್ಟೆಯಂತೆ ಸುತ್ತಿಡಬಹುದಾದ ಮೆತ್ತನೆ ಪೈಪು ಸಾಕು. ಯಾಕೆ? ಎಳೆಯುವ ಕಡೆ ಮೆತ್ತನೆ ಪೈಪು ಹಾಕಿದರೆ ಪಂಪು ಶುರುವಾದ ಕೂಡಲೆ ಪೈಪು ಒಳಕ್ಕೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ, ಒಂದು ಹನಿ ನೀರೂ ಬರುವುದಿಲ್ಲ. ನಮ್ಮ ಗಂಟಲು ಇಂಥದೇ ಮೆತ್ತನೆ ಪೈಪು. ಎಚ್ಚರ ಇರುವಾಗ ಸುತ್ತಲಿನ ಸ್ನಾಯುಗಳು ಅದನ್ನು ತೆರೆದು ಹಿಡಿದಿರುತ್ತವೆ. ನಿದ್ದೆ ಬಂದಾಗ ಸ್ನಾಯುಗಳು ಸಡಿಲವಾಗುತ್ತವೆ, ನಾಲಿಗೆಯ ಬುಡ ಹಿಂದಕ್ಕೆ ಜಾರುತ್ತದೆ. ದಾರಿ ಕಿರಿದಾದಾಗ ಗಾಳಿ ಅದರಲ್ಲಿ ನುಗ್ಗಿ ಅದುರಿಸುತ್ತದೆ, ಅದೇ ಗೊರಕೆ. ದಾರಿ ಪೂರ್ತಿ ಮುಚ್ಚಿದಾಗ ಗೊರಕೆಯೂ ನಿಲ್ಲುತ್ತದೆ, ಉಸಿರೂ ನಿಲ್ಲುತ್ತದೆ. ಎದೆ ಹೊಟ್ಟೆ ಮಾತ್ರ ಎಳೆದಾಡುತ್ತಿರುತ್ತವೆ.

ಉಸಿರು ಹೀಗೆ 10 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ನಿಂತರೆ ಅದನ್ನು ಒಂದು ಸಲ ಎಂದು ಲೆಕ್ಕ ಹಾಕುತ್ತಾರೆ. ಅಷ್ಟರಲ್ಲಿ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಾಗಿ ಮನುಷ್ಯನನ್ನು ಅರೆಕ್ಷಣ ಎಬ್ಬಿಸುತ್ತದೆ. ಗಂಟಲು ಬಿಚ್ಚಿ, ಗೊರ್ ಅಂತ ದೊಡ್ಡ ಸದ್ದಿನೊಡನೆ ಉಸಿರು ಒಳಗೆ ಹೋಗುತ್ತದೆ. ಮಗ್ಗುಲು ಬದಲಾಯಿಸಿ ಮತ್ತೆ ನಿದ್ದೆ. ಹೀಗೆ ಎದ್ದದ್ದು ಬೆಳಿಗ್ಗೆ ಅವರಿಗೆ ನೆನಪಿರುವುದಿಲ್ಲ. ಗಂಟೆಗೆ 5ರಿಂದ 15 ಸಲ ಉಸಿರು ನಿಂತರೆ ಅಥವಾ ತೀರಾ ಕಡಿಮೆಯಾದರೆ ಕಾಯಿಲೆ ಸೌಮ್ಯ, 15ರಿಂದ 30 ಆದರೆ ಮಧ್ಯಮ, 30 ದಾಟಿದರೆ ತೀವ್ರ ಎನ್ನುತ್ತಾರೆ. ಗಂಟೆಗೆ 30 ಎಂದರೆ ಎರಡು ನಿಮಿಷಕ್ಕೊಮ್ಮೆ. ಎರಡು ನಿಮಿಷಕ್ಕೊಮ್ಮೆ ಯಾರಾದರೂ ನಮ್ಮನ್ನು ತಟ್ಟಿ ಎಬ್ಬಿಸಿದರೆ ಮರುದಿನ ನಾವು ಸಂಘದ ಲೆಕ್ಕ ಬರೆಯುತ್ತೇವೆಯೇ?

ಬೆಳಿಗ್ಗೆ ಏಳುವಾಗ ತಲೆನೋವು, ಬಾಯಿ ಒಣಗುವುದು, ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದು, ಎಂಟು ಗಂಟೆ ಮಲಗಿದರೂ ಮಲಗಿದಂತೆ ಅನಿಸದಿರುವುದು, ಸಿಡುಕು, ಮರೆವು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು, ಇವು ಹಗಲಿನ ಗುರುತುಗಳು. ಚಿಕಿತ್ಸೆ ಇಲ್ಲದೆ ವರ್ಷಗಟ್ಟಲೆ ಬಿಟ್ಟರೆ ರಕ್ತದೊತ್ತಡ, ಹೃದಯದ ತೊಂದರೆ, ಪಾರ್ಶ್ವವಾಯು ಇವುಗಳ ಅಪಾಯವೂ ಹೆಚ್ಚು. ಎಲ್ಲ ಗೊರಕೆಯೂ ಕಾಯಿಲೆಯಲ್ಲ, ಗಾಬರಿ ಬೇಡ. ಗೊರಕೆ ನಡುವೆ ನಿಲ್ಲುತ್ತದೆಯೇ, ಹಗಲು ತೂಕಡಿಕೆ ಇದೆಯೇ ಎಂಬುದೇ ಮುಖ್ಯ.

ಮಾನಸಿಕ ಕಾಯಿಲೆ ಇರುವವರಲ್ಲಿ ಇದು ಅಡಗಿ ಕೂರುವುದು ಯಾಕೆ

ಮೊದಲ ಕಾರಣ ತೂಕ. ಸ್ಕಿಜೋಫ್ರೇನಿಯ, ಬೈಪೋಲಾರ್ ಮುಂತಾದ ಕಾಯಿಲೆಗಳಿಗೆ ಕೊಡುವ ಆಲಂಜಪಿನ್, ಕ್ಲೋಜಪಿನ್, ವಾಲ್ಪ್ರೋಯೇಟ್‌ನಂಥ ಮಾತ್ರೆಗಳು ಹಸಿವು ಹೆಚ್ಚಿಸುತ್ತವೆ, ತೂಕ ಏರಿಸುತ್ತವೆ. ಎಲ್ಲರಿಗೂ ಹೀಗೆ ಆಗುವುದಿಲ್ಲ, ಆದರೆ ಅನೇಕರಿಗೆ ಆಗುತ್ತದೆ. ಹೊಟ್ಟೆ ದಪ್ಪ ಆಗುವುದು ಕಣ್ಣಿಗೆ ಕಾಣುತ್ತದೆ. ಗಂಟಲಿನ ಒಳಗೂ ನಾಲಿಗೆಯಲ್ಲೂ ಕೊಬ್ಬು ಸೇರುವುದು ಕಾಣುವುದಿಲ್ಲ. ನಮ್ಮಲ್ಲಿ ಹೊಲಿಗೆ ಬಲ್ಲವರ ಬಳಿ ಟೇಪು ಇದ್ದೇ ಇರುತ್ತದೆ. ಕತ್ತಿನ ಸುತ್ತಳತೆ ಗಂಡಸರಿಗೆ 17 ಇಂಚು, ಹೆಂಗಸರಿಗೆ 16 ಇಂಚು ಮುಟ್ಟಿದ್ದರೆ ಅದು ಎಚ್ಚರಿಕೆಯ ಗುರುತು. ಹಾಗಂತ ತೆಳ್ಳಗಿರುವವರಿಗೆ ಈ ಕಾಯಿಲೆ ಬರುವುದಿಲ್ಲ ಎಂದಲ್ಲ. ದವಡೆ ಚಿಕ್ಕದಿದ್ದು ಹಿಂದಕ್ಕಿದ್ದರೆ, ಟಾನ್ಸಿಲ್ ದೊಡ್ಡದಿದ್ದರೆ ಅವರಿಗೂ ಬರುತ್ತದೆ. ಇನ್ನು ಲಿಥಿಯಂ ಮಾತ್ರೆ ತಗೊಳ್ಳುವವರಲ್ಲಿ ಕೆಲವರಿಗೆ ಥೈರಾಯ್ಡ್ ಕಡಿಮೆಯಾಗುತ್ತದೆ. ಅದರಿಂದಲೂ ಸುಸ್ತು, ತೂಕ, ಗೊರಕೆ ಹೆಚ್ಚುತ್ತವೆ. ವೈದ್ಯರು ಬರೆದುಕೊಟ್ಟ ಥೈರಾಯ್ಡ್ ರಕ್ತಪರೀಕ್ಷೆಯನ್ನು ದುಡ್ಡು ಉಳಿಸಲು ತಪ್ಪಿಸಬೇಡಿ.

ಎರಡನೆಯದು ನಿದ್ದೆ ಮಾತ್ರೆ. ಕ್ಲೋನಜೆಪಾಮ್, ಡಯಾಜೆಪಾಮ್, ಅಲ್ಪ್ರಾಜೋಲಾಮ್ ಇಂಥ ಮಾತ್ರೆಗಳು ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲ ಮಾಡಬಲ್ಲವು. ಉಸಿರು ನಿಂತಾಗ ಮೆದುಳು ಬೇಗ ಎಚ್ಚರಾಗದ ಹಾಗೂ ಮಾಡಬಲ್ಲವು. ಹೆಂಡವೂ ಇದೇ ಕೆಲಸ ಮಾಡುತ್ತದೆ. ಮಾತ್ರೆಯ ಜೊತೆ ಹೆಂಡ ಸೇರಿದರೆ ಕೇಳುವುದೇ ಬೇಡ. ಇಲ್ಲಿ ಒಂದು ವಿಷವೃತ್ತ ಇದೆ. ರಾತ್ರಿ ಉಸಿರು ಕಟ್ಟಿ ನಿದ್ದೆ ಕೆಡುತ್ತದೆ. “ಡಾಕ್ಟ್ರೇ, ನಿದ್ದೇನೇ ಬರಲ್ಲ” ಎನ್ನುತ್ತೇವೆ. ಗೊರಕೆಯ ವಿಷಯ ಹೇಳುವುದಿಲ್ಲ. ವೈದ್ಯರು ನಿದ್ದೆ ಮಾತ್ರೆ ಬರೆಯುತ್ತಾರೆ. ಉಸಿರು ಇನ್ನೂ ಹೆಚ್ಚು ಕಟ್ಟುತ್ತದೆ. ಕೆಲವರು ಮೆಡಿಕಲ್ ಶಾಪಿನಲ್ಲಿ ಹಳೆ ಚೀಟಿ ತೋರಿಸಿ ತಾವೇ ಮಾತ್ರೆ ತರುವುದನ್ನೂ ನಾವು ನೋಡಿದ್ದೇವೆ. ಇದು ಬಹಳ ಅಪಾಯ.

ಮೂರನೆಯದು, ಎರಡೂ ಕಾಯಿಲೆಗಳ ಗುರುತುಗಳು ಒಂದೇ ಥರ. ಸುಸ್ತು, ನಿರಾಸಕ್ತಿ, ಮರೆವು, ಸಿಡುಕು, ನಿದ್ದೆಗೇಡು ಇವೆಲ್ಲ ಖಿನ್ನತೆಯಲ್ಲೂ ಇವೆ, ಸ್ಲೀಪ್ ಆಪ್ನಿಯದಲ್ಲೂ ಇವೆ. ಹೀಗಾಗಿ ಖಿನ್ನತೆಗೆ ಎಷ್ಟು ಮಾತ್ರೆ ಕೊಟ್ಟರೂ ಅರ್ಧ ಮಾತ್ರ ಗುಣವಾಗಿ ಉಳಿದದ್ದು ಹಾಗೇ ಇರುವ ರೋಗಿಗಳಲ್ಲಿ ಕೆಲವರಿಗೆ ಉಸಿರು ಕಟ್ಟುವ ಕಾಯಿಲೆಯೂ ಇರುತ್ತದೆ. ಅದಕ್ಕೆ ಚಿಕಿತ್ಸೆ ಸಿಕ್ಕ ಮೇಲೆ ಮನಸ್ಸೂ ಹಗುರಾದವರಿದ್ದಾರೆ. ಇನ್ನೊಂದು ಮಾತು ಹೇಳಲೇಬೇಕು. ಒಮ್ಮೆ ಒಬ್ಬರಿಗೆ ಮಾನಸಿಕ ಕಾಯಿಲೆ ಎಂಬ ಚೀಟಿ ಅಂಟಿದರೆ ಆಮೇಲೆ ಅವರು ಏನು ಹೇಳಿದರೂ ಅದು ತಲೆಯ ತೊಂದರೆ ಎಂದೇ ನಾವು ತಿಳಿಯುತ್ತೇವೆ. ಹೊಟ್ಟೆನೋವು ಅಂದರೂ ಅಷ್ಟೇ, ಎದೆನೋವು ಅಂದರೂ ಅಷ್ಟೇ.

ನಾವು ಕಂಡ ಒಂದು ಮನೆಯ ವಿಷಯ ಹೇಳುತ್ತೇವೆ. ಹೆಂಡತಿ ಸಂಘದ ಸದಸ್ಯೆ. ಗಂಡನಿಗೆ ನಲವತ್ತು ದಾಟಿದೆ, ಸ್ಕಿಜೋಫ್ರೇನಿಯಕ್ಕೆ ಹಲವು ವರ್ಷದಿಂದ ಮಾತ್ರೆ. ಮೊದಲು ಕಡ್ಡಿಯಂತಿದ್ದವರು ದಪ್ಪ ಆಗಿದ್ದರು. ಅವರು ಒಂದು ವರ್ಷದಿಂದ “ರಾತ್ರಿ ಯಾರೋ ಬಂದು ಕತ್ತು ಹಿಸುಕ್ತಾರೆ” ಎನ್ನುತ್ತಿದ್ದರು. ಕಾಯಿಲೆ ಕೆರಳಿದೆ ಎಂದು ಮನೆಯವರು ತಿಳಿದರು. ಅತ್ತೆ ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದರು. ಗೊರಕೆ ತಡೆಯಲಾರದೆ ಹೆಂಡತಿ ಅಡುಗೆಮನೆಯಲ್ಲಿ ಮಲಗುತ್ತಿದ್ದಳು. ಹಾಗಾಗಿ ರಾತ್ರಿ ಏನಾಗುತ್ತಿದೆ ಎಂದು ನೋಡಿದವರೇ ಇಲ್ಲ. ಹತ್ತನೇ ಕ್ಲಾಸಿನ ಪರೀಕ್ಷೆಗೆ ಓದಲು ಎದ್ದು ಕೂತಿದ್ದ ಮಗಳು ಒಂದು ದಿನ ತಾಯಿಗೆ ಹೇಳಿದಳಂತೆ: “ಅಮ್ಮ, ಅಪ್ಪ ಗೊರಕೆ ಹೊಡೆಯುವಾಗ ನಂಗೇನೂ ಆಗಲ್ಲ. ನಿಲ್ಲಿಸಿದಾಗ ಭಯ ಆಗುತ್ತೆ.” ಆ ಹುಡುಗಿ ಗೋಡೆ ಗಡಿಯಾರ ನೋಡಿ ಎಣಿಸಿದ್ದಳು. ಇಪ್ಪತ್ತು, ಇಪ್ಪತ್ತೈದು ಸೆಕೆಂಡ್ ಉಸಿರಿಲ್ಲ. ಆಮೇಲೆ ಕತ್ತು ಹಿಡಿದುಕೊಂಡು ಎದ್ದು ಕೂರುವುದು. ಪರೀಕ್ಷೆ ಮಾಡಿಸಿದಾಗ ಗಂಟೆಗೆ 40ಕ್ಕೂ ಹೆಚ್ಚು ಸಲ ಉಸಿರು ಕಟ್ಟುತ್ತಿತ್ತು. ಆ ಮನುಷ್ಯ ಹೇಳಿದ್ದು ನಿಜವೇ ಆಗಿತ್ತು. ಕತ್ತು ಹಿಸುಕಿದಂತೆ ಆಗುತ್ತಿದ್ದದ್ದು ನಿಜ, ಹಿಸುಕುವವರು ಮಾತ್ರ ಇರಲಿಲ್ಲ.

ಹೆಂಗಸರ ವಿಷಯ ಬೇರೆಯೇ. ಗಂಡನ ಗೊರಕೆಯನ್ನು ಹೆಂಡತಿ ಕೇಳುತ್ತಾಳೆ. ಹೆಂಡತಿಯ ಗೊರಕೆಯನ್ನು ಕೇಳುವವರು ಯಾರು? ಎಲ್ಲರೂ ಮಲಗಿದ ಮೇಲೆ ಮಲಗಿ, ಎಲ್ಲರೂ ಏಳುವ ಮೊದಲು ಏಳುವವಳು ಅವಳು. ಕೇಳಿದರೂ ಹೆಂಗಸು ಗೊರಕೆ ಹೊಡೆಯುತ್ತಾಳೆ ಎಂದು ನಾಚಿಕೆ, ತಮಾಷೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈ ಕಾಯಿಲೆಯ ಸಾಧ್ಯತೆ ಹೆಚ್ಚುತ್ತದೆ. ಆದರೆ ಹೆಂಗಸರು ಆಸ್ಪತ್ರೆಯಲ್ಲಿ ಗೊರಕೆ ಎನ್ನುವುದಿಲ್ಲ. ಸುಸ್ತು, ತಲೆನೋವು, ನಿದ್ದೆ ಬರಲ್ಲ, ಅಳು ಬರುತ್ತೆ ಎನ್ನುತ್ತಾರೆ. ಚೀಟಿಯಲ್ಲಿ ಖಿನ್ನತೆಯ ಮಾತ್ರೆ, ನಿದ್ದೆ ಮಾತ್ರೆ ಬರುತ್ತವೆ. ಖಿನ್ನತೆ ಇಲ್ಲ ಎಂದು ನಾವು ಹೇಳುತ್ತಿಲ್ಲ, ಎರಡೂ ಇರಬಹುದು. ಐವತ್ತು ದಾಟಿದ ಸದಸ್ಯೆಯರು ಮಗಳನ್ನೋ ಸೊಸೆಯನ್ನೋ ಒಂದು ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡು ಕೇಳಿ: ನನ್ನ ಉಸಿರು ನಿಲ್ಲುತ್ತದೆಯೇ?

ಮಾತ್ರೆ ಬಿಡಬೇಡಿ, ರಾತ್ರಿಯನ್ನು ಗಮನಿಸಿ

ಇಷ್ಟು ಓದಿ ಯಾರಾದರೂ “ಓಹೋ, ಹಾಗಾದರೆ ಮಾತ್ರೆಯಿಂದಲೇ ಎಲ್ಲ” ಎಂದು ನಾಳೆಯೇ ನಿಲ್ಲಿಸಿಬಿಟ್ಟರೆ ನಾವು ಈ ಪಾಠ ಬರೆದದ್ದೇ ತಪ್ಪಾಗುತ್ತದೆ. ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬಾರದು, ಅರ್ಧ ಮಾಡಬಾರದು. ಬಹಳ ದಿನ ತಗೊಂಡ ಕ್ಲೋನಜೆಪಾಮ್‌ನಂಥ ಮಾತ್ರೆ ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ಕ್ಲೋಜಪಿನ್ ತಗೊಳ್ಳುವವರು 48 ಗಂಟೆಗಿಂತ ಹೆಚ್ಚು ಹೊತ್ತು ತಪ್ಪಿಸಿದ್ದರೆ ಹಳೆಯ ಪ್ರಮಾಣದಲ್ಲೇ ಮತ್ತೆ ಶುರು ಮಾಡಬಾರದು. ವೈದ್ಯರನ್ನು ಕೇಳಿ ಕಡಿಮೆ ಪ್ರಮಾಣದಿಂದ ಏರಿಸುತ್ತಾ ಬರಬೇಕು. ಯಾವ ಮಾತ್ರೆ ಬದಲಿಸಬೇಕು, ಯಾವುದನ್ನು ನಿಧಾನವಾಗಿ ಇಳಿಸಬೇಕು, ತೂಕ ಕಡಿಮೆ ಏರಿಸುವ ಬೇರೆ ಮಾತ್ರೆ ಹೊಂದುತ್ತದೆಯೇ ಎಂಬುದನ್ನೆಲ್ಲ ಮಾನಸಿಕ ತಜ್ಞರು ತೀರ್ಮಾನಿಸುತ್ತಾರೆ. ತೂಕ ತಡೆಯಲು ಮೆಟ್‌ಫಾರ್ಮಿನ್ ಜೊತೆಗೆ ಕೊಡುವುದೂ ಉಂಟು. ಅವರಿಗೆ ತೀರ್ಮಾನ ಮಾಡಲು ಬೇಕಾದ ಸುದ್ದಿ ಕೊಡುವುದು ನಮ್ಮ ಕೆಲಸ. ಅದು ಸಣ್ಣ ಕೆಲಸವಲ್ಲ. ಮಲಗಿದವರಿಗೆ ತಮ್ಮ ರಾತ್ರಿ ಗೊತ್ತಿರುವುದಿಲ್ಲ, ವೈದ್ಯರಿಗೂ ಗೊತ್ತಿರುವುದಿಲ್ಲ.

ಎರಡು ರಾತ್ರಿ ಒಂದೊಂದು ಗಂಟೆ ಎಚ್ಚರ ಇರಿ. ಮಲಗಿದ ಒಂದೆರಡು ಗಂಟೆಯ ನಂತರ ಒಮ್ಮೆ, ಬೆಳಗಿನ ಜಾವ ಒಮ್ಮೆ. ಗೊರಕೆ ನಿಂತಾಗ ಮನಸ್ಸಿನಲ್ಲೇ ಎಣಿಸಿ. ಹೊಟ್ಟೆ ಎಳೆದಾಡುತ್ತಿದೆಯೇ, ಆಮೇಲೆ ಉಸಿರುಗಟ್ಟಿ ಏಳುತ್ತಾರೆಯೇ, ಒಂದು ಗಂಟೆಯಲ್ಲಿ ಎಷ್ಟು ಸಲ ಎಂದು ಚೀಟಿಯಲ್ಲಿ ಬರೆಯಿರಿ. ಅಕ್ಷರ ಬಾರದವರು ಗೀಟು ಹಾಕಿದರೂ ಸಾಕು. ಈಗ ಮನೆಮನೆಯಲ್ಲಿ ಮೊಬೈಲ್ ಇದೆ. ಎರಡು ಮೂರು ನಿಮಿಷ ವಿಡಿಯೋ ಮಾಡಿಕೊಂಡರೆ ವೈದ್ಯರಿಗೆ ಬಹಳ ಉಪಯೋಗ. ಆದರೆ ಹಗಲಿನಲ್ಲೇ ಅವರನ್ನು ಕೇಳಿ, ಒಪ್ಪಿಸಿ ಮಾಡಿ. ತನ್ನನ್ನು ಯಾರೋ ಗಮನಿಸುತ್ತಿದ್ದಾರೆ ಎಂಬ ಭಯ ಇರುವ ರೋಗಿಯನ್ನು ಗೊತ್ತಿಲ್ಲದೆ ಚಿತ್ರ ತೆಗೆದರೆ ಆ ಭಯಕ್ಕೆ ನಾವೇ ಸಾಕ್ಷಿ ಒದಗಿಸಿದಂತೆ. ಆ ವಿಡಿಯೋ ವೈದ್ಯರಿಗೆ ಮಾತ್ರ. ಸಂಘದ ವಾಟ್ಸಾಪ್ ಗುಂಪಿಗೆ ಹಾಕಿ ನಗುವ ವಸ್ತು ಅದಲ್ಲ.

ಈ ಚೀಟಿ ಹಿಡಿದು, ಈಗ ತಗೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ ಚೀಲದಲ್ಲಿ ಹಾಕಿಕೊಂಡು, ಮೊದಲು ಮಾತ್ರೆ ಬರೆದುಕೊಟ್ಟ ಮಾನಸಿಕ ತಜ್ಞರ ಬಳಿಗೇ ಹೋಗಿ. ದೂರ ಆಗುವವರು ತಾಲ್ಲೂಕು ಆಸ್ಪತ್ರೆಗೆ ಮಾನಸಿಕ ತಜ್ಞರು ಬರುವ ದಿನವನ್ನು ಆಶಾ ಕಾರ್ಯಕರ್ತೆಯಿಂದ ತಿಳಿದುಕೊಳ್ಳಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ದೂರವಾಣಿ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಕಾಯಿಲೆಯ ಅನುಮಾನ ಬಂದರೆ ಕಿವಿ ಮೂಗು ಗಂಟಲಿನ ತಜ್ಞರು ಅಥವಾ ಶ್ವಾಸಕೋಶದ ತಜ್ಞರ ಬಳಿ ಕಳುಹಿಸುತ್ತಾರೆ. ನಿದ್ದೆಯ ಪರೀಕ್ಷೆ ದೊಡ್ಡ ಆಸ್ಪತ್ರೆಗಳಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ನಿದ್ದೆಯ ತೊಂದರೆಗಳನ್ನು ನೋಡುತ್ತಾರೆ. ರಾತ್ರಿಯಿಡೀ ಅಲ್ಲೇ ಮಲಗಬೇಕು. ತಲೆಗೆ, ಮುಖಕ್ಕೆ ಸಣ್ಣ ವೈರುಗಳನ್ನು ಅಂಟಿಸುತ್ತಾರೆ, ಎದೆ ಹೊಟ್ಟೆಗೆ ಪಟ್ಟಿ ಕಟ್ಟುತ್ತಾರೆ, ಬೆರಳಿಗೆ ಕೊರೊನಾ ಕಾಲದಲ್ಲಿ ನಾವೆಲ್ಲ ಕಂಡ ಆ ಕ್ಲಿಪ್ಪು ಹಾಕುತ್ತಾರೆ. ನೋವು ಇಲ್ಲ, ಕರೆಂಟ್ ಕೊಡುವುದಲ್ಲ. ಈ ಕೊನೆಯ ಮಾತನ್ನು ರೋಗಿಗೆ ಮುಂಚೆಯೇ ಬಿಡಿಸಿ ಹೇಳಿ. ವೈರು ಎಂದ ಕೂಡಲೆ ಶಾಕ್ ಚಿಕಿತ್ಸೆ ಎಂದು ಹೆದರುವವರು ಬಹಳ. ಮನೆಯವರೊಬ್ಬರು ಜೊತೆಗಿರಲು ಬಿಡಬೇಕೆಂದು ಮೊದಲೇ ಕೇಳಿಕೊಳ್ಳಿ. ಕೆಲವರಿಗೆ ಮನೆಯಲ್ಲೇ ಮಾಡುವ ಸಣ್ಣ ಪರೀಕ್ಷೆಯೂ ಸಾಕಾಗಬಹುದು.

ಗಾಳಿ ಯಂತ್ರ

ಮಧ್ಯಮ ಮತ್ತು ತೀವ್ರ ಕಾಯಿಲೆಗೆ ಮುಖ್ಯ ಚಿಕಿತ್ಸೆ ಸಿ-ಪ್ಯಾಪ್ ಎಂಬ ಯಂತ್ರ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲ್ಲಿವನ್ ಎಂಬ ವೈದ್ಯರು ಮತ್ತು ಅವರ ಜೊತೆಗಾರರು 1981ರಲ್ಲಿ ಇದನ್ನು ಪ್ರಕಟಿಸಿದರು. ಅದಕ್ಕೂ ಮೊದಲು ತೀವ್ರ ಕಾಯಿಲೆಯವರಿಗೆ ಕತ್ತಿನಲ್ಲಿ ರಂಧ್ರ ಮಾಡುವುದೇ ದಾರಿಯಾಗಿತ್ತು. ಈ ಯಂತ್ರ ಮಾಡುವುದು ಇಷ್ಟೇ: ಮೂಗಿನ ಮೇಲಿನ ಮಾಸ್ಕಿನ ಮೂಲಕ ಸ್ವಲ್ಪ ಒತ್ತಡದಲ್ಲಿ ಗಾಳಿ ಕಳುಹಿಸಿ ಗಂಟಲನ್ನು ತೆರೆದು ಹಿಡಿಯುತ್ತದೆ. ಎಳೆಯುವ ಪೈಪನ್ನು ತಳ್ಳುವ ಪೈಪು ಮಾಡುತ್ತದೆ ಅನ್ನಿ. ಇದು ಆಕ್ಸಿಜನ್ ಸಿಲಿಂಡರ್ ಅಲ್ಲ, ಕೋಣೆಯ ಗಾಳಿಯೇ. ಕಾಯಿಲೆಯನ್ನು ಬೇರುಸಮೇತ ಕೀಳುವುದಿಲ್ಲ. ಹಾಕಿಕೊಂಡ ರಾತ್ರಿ ಕೆಲಸ ಮಾಡುತ್ತದೆ, ಬಿಟ್ಟ ರಾತ್ರಿ ಇಲ್ಲ, ಕನ್ನಡಕದ ಹಾಗೆ. ನಿದ್ದೆ ಮಾಡಿದಷ್ಟೂ ಹೊತ್ತು ಹಾಕುವುದು ಒಳ್ಳೆಯದು. ರಾತ್ರಿಗೆ ನಾಲ್ಕು ಗಂಟೆಯಾದರೂ ಹಾಕಬೇಕು ಎನ್ನುತ್ತಾರೆ.

ಮಾನಸಿಕ ರೋಗಿಗೆ ಇದೆಲ್ಲ ಆಗದ ಮಾತು ಎಂದು ಕೆಲವರು, ಓದಿದವರೂ ಕೂಡ, ಹೇಳುವುದನ್ನು ಕೇಳಿದ್ದೇವೆ. ನಾವು ಒಪ್ಪುವುದಿಲ್ಲ. ಪಕ್ಕದಲ್ಲಿ ಒಬ್ಬರು ತಾಳ್ಮೆಯಿಂದ ಕೂತರೆ ಆಗುತ್ತದೆ. ನಾವು ಹೇಳಿದ ಆ ಮನೆಯಲ್ಲೂ ಮೊದಲ ದಿನ ಮಾಸ್ಕ್ ಕಿತ್ತೆಸೆದಿದ್ದರು. ಅದರಲ್ಲಿ ವಿಷದ ಗಾಳಿ ಇದೆ ಎಂದರು. ಹೆಂಡತಿ ವಾದ ಮಾಡಲಿಲ್ಲ. ಹಗಲಿನಲ್ಲಿ ಟಿವಿ ನೋಡುವಾಗ ಮಾಸ್ಕನ್ನು ಮೊದಲು ತಾನು ಮುಖಕ್ಕೆ ಹಿಡಿದು ತೋರಿಸಿದಳು, ಆಮೇಲೆ ಅವರ ಕೈಗೇ ಕೊಟ್ಟಳು. ಎರಡು ದಿನ ಬರೀ ಕೈಯಲ್ಲಿ ಹಿಡಿಯುವುದು, ಆಮೇಲೆ ಐದು ನಿಮಿಷ ಮೂಗಿಗೆ, ಆಮೇಲೆ ಯಂತ್ರ ಹಾಕಿ ಹತ್ತು ನಿಮಿಷ, ಮಧ್ಯಾಹ್ನದ ನಿದ್ದೆಗೆ ಅರ್ಧ ಗಂಟೆ. ಬೇಡ ಅನಿಸಿದ ಕೂಡಲೆ ತಾವೇ ತೆಗೆಯಬಹುದು ಎಂದು ಗೊತ್ತಾದ ಮೇಲೆ ಹೆದರಿಕೆ ಇಳಿಯಿತು. ಪೂರ್ತಿ ರಾತ್ರಿ ಹಾಕಲು ಒಂದೂವರೆ ತಿಂಗಳೇ ಹಿಡಿಯಿತು. ಆ ಮನುಷ್ಯನಿಗೆ ಕಿವಿಯಲ್ಲಿ ದನಿ ಕೇಳುವುದು ಪೂರ್ತಿ ಹೋಗಿಲ್ಲ, ಮಾತ್ರೆ ಈಗಲೂ ಇದೆ. ಕತ್ತು ಹಿಸುಕುವ ಮಾತು ನಿಂತಿದೆ. ಮಧ್ಯಾಹ್ನದವರೆಗೂ ಮಲಗುತ್ತಿದ್ದವರು ಬೆಳಿಗ್ಗೆ ಎದ್ದು ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಾರೆ. ವೈದ್ಯರು ನಿದ್ದೆ ಮಾತ್ರೆಯನ್ನು ಕೆಲವು ತಿಂಗಳಲ್ಲಿ ನಿಧಾನವಾಗಿ ಇಳಿಸಿ ನಿಲ್ಲಿಸಿದ್ದಾರೆ.

ಮಾಸ್ಕ್ ಸಡಿಲವಾಗಿ ಕಣ್ಣಿಗೆ ಗಾಳಿ ಬಂದರೆ, ಬಿಗಿಯಾಗಿ ಮೂಗಿನ ಮೇಲೆ ಗಾಯವಾದರೆ ಬೇರೆ ಅಳತೆ ಕೇಳಿ, ಸಹಿಸಿಕೊಂಡು ಕೂರಬೇಡಿ. ಮಾಸ್ಕನ್ನು ದಿನಾ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಕರೆಂಟ್ ಹೋದರೆ ಯಂತ್ರ ನಿಲ್ಲುತ್ತದೆ. ಮಾಸ್ಕಿನಲ್ಲಿ ಗಾಳಿ ಹೋಗುವ ರಂಧ್ರ ಇದ್ದರೂ ತೆಗೆದು ಮಗ್ಗುಲಾಗಿ ಮಲಗುವುದು ಸರಿ. ಮನೆಯಲ್ಲಿ ಯುಪಿಎಸ್ ಇದ್ದರೆ ಅದಕ್ಕೆ ಸೇರಿಸಬಹುದೇ ಎಂದು ಯಂತ್ರ ಕೊಡುವವರನ್ನೇ ಕೇಳಿ.

ಇನ್ನು ದುಡ್ಡಿನ ಮಾತು. ಯಂತ್ರಕ್ಕೆ ಹಲವು ಹತ್ತು ಸಾವಿರ ರೂಪಾಯಿ ಬೀಳುತ್ತದೆ. ಕೂಡಲೆ ಕೊಳ್ಳಬೇಡಿ. ಬಾಡಿಗೆಗೆ ಕೊಡುವವರಿದ್ದಾರೆ, ಒಂದೆರಡು ತಿಂಗಳು ಬಾಡಿಗೆಗೆ ತಂದು ಒಗ್ಗುತ್ತದೆಯೇ ನೋಡಿ. ಆಮೇಲೆ ಸಂಘದ ಆಂತರಿಕ ಸಾಲದ ವಿಚಾರ. ಈ ಮನೆಯ ಸಾಲದ ಅರ್ಜಿ ಬಂದಾಗ ಸಂಘದಲ್ಲಿ ದೊಡ್ಡ ಚರ್ಚೆಯೇ ಆಯಿತು. ಹಸುವಿಗೆ ಕೊಟ್ಟರೆ ಹಾಲು ಬರುತ್ತದೆ, ಗಾಳಿ ಯಂತ್ರಕ್ಕೆ ಕೊಟ್ಟರೆ ಏನು ಬರುತ್ತದೆ ಎಂದು ಒಬ್ಬರು ಕೇಳಿದರು. ಕೇಳಿದ್ದರಲ್ಲಿ ತಪ್ಪಿಲ್ಲ, ಅದು ಹತ್ತಾರು ಹೆಂಗಸರ ಉಳಿತಾಯದ ಹಣ. ಆ ಮನೆಯಲ್ಲಿ ಎರಡು ಸಲ ಕಾಯಿಲೆ ಮರುಕಳಿಸಿದಾಗ ಆಸ್ಪತ್ರೆಗೆ, ವಾಹನಕ್ಕೆ, ತಪ್ಪಿದ ಕೂಲಿಗೆ ಹೋದದ್ದೆಷ್ಟು ಎಂದು ಪುಸ್ತಕಿಯೇ ಲೆಕ್ಕ ಹಾಕಿ ಓದಿದಳು. ಸಾಲ ಮಂಜೂರಾಯಿತು, ನಡಾವಳಿ ಪುಸ್ತಕದಲ್ಲಿ ಬರೆದರು, ಕಂತು ಈಗ ಸರಿಯಾಗಿ ಬರುತ್ತಿದೆ. ಒಂದು ಎಚ್ಚರಿಕೆ: ಪರೀಕ್ಷೆಯ ವರದಿ ಇಲ್ಲದೆ, ವೈದ್ಯರ ಚೀಟಿ ಇಲ್ಲದೆ ಯಾವ ಯಂತ್ರಕ್ಕೂ ಸಾಲ ಕೊಡಬೇಡಿ. ಗೊರಕೆ ನಿಲ್ಲಿಸುವ ಉಂಗುರ, ಎಣ್ಣೆ ಎಂದು ಸಂತೆಯಲ್ಲಿ ಮಾರುವವರಿದ್ದಾರೆ, ಅವರಿಂದ ದೂರ ಇರಿ.

ದುಡ್ಡು ಕೇಳದ ಕೆಲವು ಉಪಾಯಗಳೂ ಇವೆ. ಅಂಗಾತ ಮಲಗಿದಾಗ ನಾಲಿಗೆ ಹಿಂದಕ್ಕೆ ಬೀಳುವುದರಿಂದ ಅನೇಕರಿಗೆ ಉಸಿರು ಹೆಚ್ಚು ಕಟ್ಟುತ್ತದೆ. ಮಗ್ಗುಲಾಗಿ ಮಲಗಿಸಿ. ಬನಿಯನ್ನಿನ ಬೆನ್ನಿಗೆ ಒಂದು ಜೇಬು ಹೊಲಿದು ರಬ್ಬರ್ ಚೆಂಡು ಇಟ್ಟರೆ ಅಂಗಾತ ತಿರುಗಿದಾಗ ಒತ್ತಿ ತಾನಾಗಿ ಮಗ್ಗುಲಾಗುತ್ತಾರೆ. ಹಳೆಯ ಉಪಾಯ, ಸೌಮ್ಯ ಕಾಯಿಲೆಗೆ ಸಹಾಯ ಮಾಡುತ್ತದೆ. ಸಂಜೆಯ ಹೆಂಡ, ಬೀಡಿ ಬಿಡಿಸುವುದು ಕಷ್ಟದ ಕೆಲಸ ಎಂದು ನಮಗೆ ಗೊತ್ತು, ಆದರೂ ಪ್ರಯತ್ನ ಬಿಡಬೇಡಿ. ನಿದ್ದೆ ಬರಿಸುವ ಕೆಮ್ಮಿನ ಸಿರಪ್ಪುಗಳನ್ನು ಕೇಳದೆ ಕೊಡಬೇಡಿ.

ತೂಕ ಇಳಿಸಿದರೆ ನಿಜಕ್ಕೂ ಫಲ ಇದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜನರನ್ನು ವರ್ಷಗಟ್ಟಲೆ ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ತೂಕ ನೂರಕ್ಕೆ 10 ಇಳಿದವರಲ್ಲಿ ಉಸಿರು ಕಟ್ಟುವುದು ಸರಾಸರಿ ನೂರಕ್ಕೆ 26ರಷ್ಟು ಕಡಿಮೆಯಾಯಿತು. ತೂಕ ನೂರಕ್ಕೆ 10 ಏರಿದವರಲ್ಲಿ ನೂರಕ್ಕೆ 32ರಷ್ಟು ಹೆಚ್ಚಿತು. 80 ಕಿಲೋ ಇರುವವರು 72ಕ್ಕೆ ಬಂದರೂ ಲಾಭ ಇದೆ ಎಂದಾಯಿತು. ಮಾತ್ರೆಯ ಹಸಿವನ್ನು ಬೈದು ಗೆಲ್ಲಲಾಗದು. ಎರಡನೇ ಸಲ ಅನ್ನ ಬಡಿಸುವ ಮೊದಲು ಪಲ್ಯ, ಮಜ್ಜಿಗೆ ಕೊಡಿ. ಸಕ್ಕರೆ ಹಾಕಿದ ಟೀ ದಿನಕ್ಕೆ ಆರು ಲೋಟ ಇದ್ದರೆ ಎರಡಕ್ಕೆ ಇಳಿಸಿ. ಸಂಜೆ ನೀವೂ ಜೊತೆಗೆ ನಡೆಯಿರಿ. ಒಬ್ಬರೇ ಹೋಗಿ ಎಂದರೆ ಅವರು ಹೋಗುವುದಿಲ್ಲ. ಊಟದ ವಿಷಯದಲ್ಲಿ ಎಲ್ಲರ ಎದುರು ಹಂಗಿಸುವುದು ಮಾತ್ರ ಬೇಡವೇ ಬೇಡ.

ಚಿಕಿತ್ಸೆ ಸರಿಹೋಗುವವರೆಗೆ ಬೈಕು, ಟ್ರ್ಯಾಕ್ಟರ್, ಆಟೋ ಓಡಿಸಲು ಬಿಡಬೇಡಿ. ಮರ ಹತ್ತುವುದು, ಹುಲ್ಲು ಕತ್ತರಿಸುವ ಯಂತ್ರದ ಕೆಲಸ ಕೂಡ ಬೇಡ. ಯಾವುದೇ ಆಪರೇಷನ್‌ಗೆ ಹೋಗುವಾಗ, ಅದು ಹರ್ನಿಯಾ ಇರಲಿ, ಗರ್ಭಕೋಶದ್ದೇ ಇರಲಿ, ಅರಿವಳಿಕೆ ಕೊಡುವ ವೈದ್ಯರಿಗೆ ಗೊರಕೆಯ, ಉಸಿರು ಕಟ್ಟುವ ವಿಷಯವನ್ನೂ ಮಾನಸಿಕ ಕಾಯಿಲೆಯ ಮಾತ್ರೆಗಳನ್ನೂ ಮುಚ್ಚಿಡದೆ ಹೇಳಿ. ಯಂತ್ರ ಇದ್ದರೆ ಅದನ್ನೂ ಆಸ್ಪತ್ರೆಗೆ ತಗೊಂಡು ಹೋಗಿ.

ಮುಂದಿನ ವಾರದ ಸಭೆಯಲ್ಲಿ ಪ್ರತಿನಿಧಿಯವರು ಈ ಪಾಠವನ್ನು ಗಟ್ಟಿಯಾಗಿ ಓದಿ ಹೇಳಬೇಕು. ಯಾರ ಮನೆಯಲ್ಲಿ ಇಂಥವರಿದ್ದಾರೆ ಎಂದು ಸಭೆಯಲ್ಲಿ ಹೆಸರು ಕೇಳುವುದು ಬೇಡ. ಎರಡು ರಾತ್ರಿಯ ಚೀಟಿ ಬರೆದವರು ನಮ್ಮ ಕಾರ್ಯಕರ್ತೆ ಮನೆಭೇಟಿಗೆ ಬಂದಾಗ ತೋರಿಸಿ. ಯಾವ ವೈದ್ಯರ ಬಳಿ, ಯಾವ ದಿನ, ಯಾವ ಬಸ್ಸಿಗೆ ಹೋಗಬೇಕು ಎಂಬುದನ್ನು ಅಲ್ಲೇ ಕೂತು ಮಾತಾಡೋಣ.